ಟೈರಿನ ಸಪ್ಪಳ

ಭಾನುವಾರ, ಜನವರಿ ೧೮, ಸಿಂಧನೂರು

ಗೆಳೆಯ ಗ್ಯಾನಪ್ಪನ ಹೆಂಡತಿಗೆ ಹೇಳಲೋ ಬೇಡವೋ? ಸಂಜೆಯಿಂದ ಇದೇ ಕೊರೆಯುತ್ತಿದೆ.

ಪ್ರತಿ ವಾರದಂತೆ ಬೆಳಿಗ್ಗೆ ಇಬ್ಬರೂ ಸೈಕಲ್ ಹತ್ತಿ ಮುಕ್ಕುಂದದ ಕಡೆ ಹೊರಟಿದ್ದೆವು. ಟೈರಿನಡಿ ಕಲ್ಲು ಕರಕರ ಎನ್ನುವ ಕಾಲುವೆ ಏರಿಯ ಗರಸಿನ ದಾರಿ, ಎರಡೂ ಬದಿಗೆ ಹೊಸದಾಗಿ ನಾಟಿ ಮಾಡಿದ ಭತ್ತ. ದಾರಿಯಲ್ಲಿ ನಿಂತಿದ್ದ ಎಮ್ಮೆಗೆ ಗ್ಯಾನಪ್ಪ ನೇರವಾಗಿ ಹೋಗಿ ಗುದ್ದಿದ. ಎಮ್ಮೆ ಅಲುಗಲಿಲ್ಲ, ಇವನು ಬಿದ್ದ. ನಾನು ನಕ್ಕುಬಿಟ್ಟೆ.

"ನಗಬ್ಯಾಡಲೇ ಇಶ್ತಿಯಾಕ್. ಎಮ್ಮಿ ನನಗ ಕಾಣ್ಲೇ ಇಲ್ಲ. ಕಣ್ಣು ಹೋಗಾಕತ್ಯಾವ. ಇದಕ್ಕ ಔಷಧಿ ಇಲ್ಲಂತ ಡಾಕ್ಟರ್ ಹೇಳ್ಯಾರ. ಮನ್ಯಾಗ ಹೇಳಿಲ್ಲ."

"ಮತ್ತ ಇಷ್ಟು ದಿನ ಸೈಕಲ್ ಹ್ಯಾಂಗ ಹೊಡದಿ?"

"ಮುಂದ ನೀ ಇರ್ತೀಯಲ್ಲ. ನಿನ್ನ ಟೈರಿನ ಸಪ್ಪಳ ಹಿಡ್ಕೊಂಡು ಬರ್ತೀನಿ."

ಅವನು ಸದಾ ಹಿಂದೆ ಉಳಿಯುವುದು ವಯಸ್ಸಿನಿಂದ ಎಂದುಕೊಂಡಿದ್ದೆ.

ಹೊಳೆಯ ತನಕ ಹೋದೆವು. ದಂಡೆಯಲ್ಲಿ ಕೂತು, ನೀರು ಎಷ್ಟಿದೆ ಎಂದು ಕೇಳಿದ. ಹೇಳಿದೆ. ಮರಳುವಾಗ ಡಾಂಬರು ರಸ್ತೆ ಸಿಕ್ಕಿತು, ಟೈರಿನ ಸದ್ದು ನಿಂತುಹೋಯಿತು.

"ಏನಾರ ಮಾತಾಡಲೇ!" ಎಂದು ಹಿಂದಿನಿಂದ ಕೂಗಿದ.

ಊರು ಬರುವವರೆಗೆ ಬಾಯಿಗೆ ಬಂದದ್ದೆಲ್ಲ ಮಾತಾಡಿದೆ.

ಬಾಗಿಲಲ್ಲಿ ಅವನ ಹೆಂಡತಿ ಕರೆಮ್ಮ, ತರಚಿದ ಮೊಣಕೈ ನೋಡಿ, "ಏನಾತ್ರೀ ಅಣ್ಣಾರ?" ಎಂದು ನನ್ನನ್ನೇ ಕೇಳಿದಳು.

"ಎಮ್ಮಿ ಅಡ್ಡ ನಿಂತಿತ್ತವಾ," ಎಂದೆ. ಸುಳ್ಳೇನಲ್ಲ.

ಹೇಳಿದರೆ ನಾಳೆಯೇ ಅವನ ಸೈಕಲ್ಲಿಗೆ ಬೀಗ ಬೀಳುತ್ತದೆ. ಹೇಳದಿದ್ದರೆ, ಎಮ್ಮೆಯ ಜಾಗದಲ್ಲಿ ಲಾರಿ ಬಂದರೆ? ಅವನೇ ಹೇಳಲಿ, ನಾನು ಪಕ್ಕದಲ್ಲಿ ಕೂರುತ್ತೇನೆ. ಇಬ್ಬರು ತುಳಿಯುವ ಸೈಕಲ್ ಇರುತ್ತದಂತೆ. ಅದು ಎಲ್ಲಾದರೂ ಸಿಕ್ಕರೆ ಮುಂದೆ ನಾನು, ಹಿಂದೆ ಅವನು. ಆದರೆ ಅವನೂ ಸರಿಯಾಗಿ ತುಳಿಯಬೇಕು, ಇಲ್ಲದಿದ್ದರೆ ಆ ದಡಿಯನನ್ನು ಏರಿಯ ಮೇಲೆ ನಾನೊಬ್ಬನೇ ಎಳೆಯಬೇಕಾದೀತು.