ಕೂತ್ಕೊಳ್ಳಿ ಅನ್ನುವವರೆಗೂ

ಪುಟ್ಟೇನಹಳ್ಳಿ, ಬೆಂಗಳೂರು
೧೨ ಜುಲೈ ೨೦೨೫, ಶನಿವಾರ

ಪ್ರೀತಿಯ ಹಠಮಾರಿ ಅಜ್ಜಾ, ಶರಣು.

ಮೊಣಕಾಲಿನ ಊತ ಇಳಿದಿದೆಯೇ? ಹರಿಹರದಲ್ಲಿ ಸುನಿತತ್ತೆ ದಿನಾ ಎಣ್ಣೆ ಹಚ್ಚುತ್ತಾರಂತೆ, ನೀವು ದಿನಾ ಬೈಯುತ್ತೀರಂತೆ. ಬೈಯುವಷ್ಟು ಶಕ್ತಿ ಬಂದಿದೆ ಎಂದು ಕೇಳಿ ನಮಗೆಲ್ಲ ಸಂತೋಷವಾಯಿತು. ನೀವು ಮೆಟ್ಟಿಲು ಹತ್ತಲಾಗದೆ ಬಿಟ್ಟುಹೋದ ನಮ್ಮ ಮೂರನೇ ಮಹಡಿಗೆ ಇನ್ನೂ ಲಿಫ್ಟು ಬಂದಿಲ್ಲ. ಕೆಳಗಿನ ಮನೆಯ ಸಮನ್ವಿತಾ ಮಾತ್ರ ನನ್ನನ್ನು ಕಂಡಾಗಲೆಲ್ಲ, “ಅಂಜನಕ್ಕಾ, ತಾತ ಯಾವಾಗ ಬರ್ತಾರೆ? ಟೆರೇಸ್ ಮೇಲೆ ಲೆಕ್ಕ ಹೇಳ್ಕೊಡೋರೇ ಇಲ್ಲ,” ಎನ್ನುತ್ತಾಳೆ. ಈಗ ಎಂಟನೇ ಕ್ಲಾಸು ಅವಳು.

ಫೋನಿನಲ್ಲಿ ಪಾಠದ ಮಾತು ತೆಗೆದರೆ ನೀವು, “ನಿಂತ್ಕಂಡು ಪಾಠ ಮಾಡಕ್ಕಾಗ್ದವನು ಎಂಥಾ ಮೇಷ್ಟ್ರು?” ಎಂದು ಫೋನನ್ನು ಅತ್ತೆಯ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ದಾಟಿಸಲಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಮನ್ವಿತಾ ಓದುವ, ನಮ್ಮ ರಸ್ತೆಯ ಕೊನೆಯ ಸರ್ಕಾರಿ ಶಾಲೆಯಲ್ಲಿ ಗಣಿತದ ಮೇಷ್ಟ್ರಿಲ್ಲ. ಅವರ ಜಾಗಕ್ಕೆ ವರ್ಚುವಲ್ ತರಗತಿ ಎಂದು ಗೋಡೆಯಗಲದ ಟಿವಿ, ಕ್ಯಾಮೆರಾ ತಂದಿಟ್ಟರು. ನನಗೆ ಮೈಯೆಲ್ಲ ಉರಿಯಿತು. ‘ಪರದೆ ಬೇಡ, ಮೇಷ್ಟ್ರು ಬೇಕು’ ಎಂದು ಕರಪತ್ರ ಅಚ್ಚು ಹಾಕಿಸಿ ಶಾಲೆಯ ಗೇಟಿನಲ್ಲಿ ಹಂಚಲು ನಿಂತೆ. ಹೆಡ್ಮಿಸ್ ಪಂಕಜಾ ಮೇಡಂ ಒಂದನ್ನು ಪೂರ್ತಿ ಓದಿ, “ಚೆನ್ನಾಗ್ ಬರ್ದಿದ್ದೀಯಮ್ಮ. ಅದನ್ನ ಒಂದ್ಸಲನಾದ್ರೂ ನೋಡಿದ್ದೀಯಾ? ಒಳಗ್ ಬಾ, ಒಂದು ಪಾಠ ನೋಡು, ಆಮೇಲೆ ಕೂಗು. ಗೇಟು ಎಲ್ಲಿಗೂ ಓಡಿ ಹೋಗಲ್ಲ,” ಎಂದರು. ಶತ್ರುವನ್ನು ಹತ್ತಿರದಿಂದ ನೋಡೋಣ ಎಂದು ಹೋಗಿ ಹಿಂದಿನ ಗೋಡೆಗೆ ಆನಿಕೊಂಡು ನಿಂತೆ.

ಪರದೆಯ ಮೇಲೆ ಜಯನಗರದ ಶಾಲೆಯ ಚಿದಾನಂದ್ ಸರ್ ಮುಖ ಬಂತು. ಮಕ್ಕಳೆಲ್ಲ ಎದ್ದು, “ನಮಸ್ತೇ ಸಾ...ರ್” ಎಂದರು. ಮೇಷ್ಟ್ರು ಕೂರಿ ಅನ್ನದೆ ಕೂರುವ ಹಾಗಿಲ್ಲ, ನಿಮ್ಮ ಕಾಲದಿಂದಲೂ ಅದೇ ನಿಯಮವಲ್ಲವೇ. ಸರ್ ತುಟಿ ಆಡಿಸುತ್ತಿದ್ದಾರೆ, ಧ್ವನಿಯೇ ಇಲ್ಲ. ಅವರು ಅಂಗೈ ಕೆಳಗೆ ಮಾಡಿ ಕೂರಲು ಸನ್ನೆ ಮಾಡಿದರು. ಮಕ್ಕಳು ಅದನ್ನು ಟಾಟಾ ಎಂದುಕೊಂಡು ಅವರಿಗೂ ಹಾಗೆಯೇ ಕೈ ಆಡಿಸಿದರು! ಅವರು ಎರಡೂ ಕೈ ಆಡಿಸಿದರು, ಇವರೂ ಎರಡೂ ಕೈ. ಪರದೆಯ ಸೋಲು ಕಣ್ಣೆದುರಿಗೇ ಇದೆ ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದೆ. “ಕೂತ್ಕೊಳ್ರೇ,” ಎಂದೆ. ಸಮನ್ವಿತಾ ತಿರುಗಿ, “ಸಾರ್ ಹೇಳ್ಬೇಕಕ್ಕಾ, ನೀವಲ್ಲ,” ಎಂದಳು. ಅಷ್ಟರಲ್ಲಿ ಧ್ವನಿ ಬಂತು. “ಅಯ್ಯೋ, ಮೈಕೇ ಹಾಕಿಲ್ಲ ನಾನು! ಅಲ್ರಪ್ಪಾ, ಆಗ್ಲಿಂದ ನನಗೆ ಬರೀ ನಿಮ್ಮ ಬೆಲ್ಟುಗಳೇ ಕಾಣಿಸ್ತಿವೆ. ಕೂತ್ಕೊಳ್ಳಿ, ಮುಖ ತೋರ್ಸಿ!” ಇಡೀ ತರಗತಿ ನಕ್ಕು ಕೂತಿತು. ನಗಬಾರದೆಂದು ಹೋದ ನನಗೂ ತಡೆಯಲಾಗಲಿಲ್ಲ.

ಆಮೇಲಿನದು ನಿಮಗೇ ಹೇಳಬೇಕು. ನೀವು ಟೆರೇಸಿನಲ್ಲಿ ಕಡಲೆಕಾಯಿ ಚಿಕ್ಕಿಯ ಚೌಕ ಮುರಿದು ಎ ಪ್ಲಸ್ ಬಿ ಹೋಲ್ ಸ್ಕ್ವೇರಿನ ಸೂತ್ರ ತೋರಿಸುತ್ತಿದ್ದಿರಲ್ಲ, ನಾವು ಸೂತ್ರವನ್ನೇ ತಿಂದುಬಿಡುತ್ತಿದ್ದೆವಲ್ಲ, ಅದೇ ಪಾಠ. ಚೌಕದ ತುಂಡುಗಳು ಪರದೆಯ ಮೇಲಿದ್ದವು. ಅಲ್ಲಿ ಸರ್ ಎದುರು ಕೂತಿದ್ದ ಜಯನಗರದ ಹುಡುಗನೊಬ್ಬ ತಪ್ಪಾಗಿ ಜೋಡಿಸಿದ. ಇಲ್ಲಿಂದ ಸಮನ್ವಿತಾ ಎದ್ದು ಹೋಗಿ ಬೆರಳಲ್ಲಿ ಎಳೆದು ಸರಿಮಾಡಿದಳು. ಆ ಹುಡುಗ, “ಥ್ಯಾಂಕ್ಸ್ ಕಣೇ!” ಎಂದು ಕೂಗಿದ. ಎರಡು ಶಾಲೆಗಳೂ ಚಪ್ಪಾಳೆ ತಟ್ಟಿದವು. ಸಮತೆಯ ಬಗ್ಗೆ ಎಷ್ಟೋ ಪುಸ್ತಿಕೆ ಓದಿದ್ದೇನೆ, ಅಜ್ಜಾ. ಅದು ಇಷ್ಟು ಗಲಾಟೆ ಮಾಡುತ್ತದೆ ಎಂದು ಯಾವುದರಲ್ಲೂ ಬರೆದಿರಲಿಲ್ಲ.

ಹಾಗೆಂದು ಹೋರಾಟ ಬಿಟ್ಟೆ ಎಂದುಕೊಳ್ಳಬೇಡಿ. ಕಾಯಂ ಮೇಷ್ಟ್ರು ಬರಲೇಬೇಕು, ಅದು ಮಕ್ಕಳ ಹಕ್ಕು. ಕರಪತ್ರದ ತಲೆಬರಹ ಮಾತ್ರ ‘ಪರದೆಯೂ ಬೇಕು, ಮೇಷ್ಟ್ರೂ ಬೇಕು’ ಎಂದಾಗಿದೆ. ಚಿದಾನಂದ್ ಸರ್‌ಗೆ ವಾರಕ್ಕೆ ಎರಡೇ ದಿನ ಬಿಡುವು. ಉಳಿದ ದಿನ ಆ ಪರದೆ ಕಪ್ಪಗಿರುತ್ತದೆ, ಮಕ್ಕಳು ಅದರ ಮುಂದೆ ಸುಮ್ಮನೆ ಕೂತಿರುತ್ತಾರೆ. ಅದನ್ನು ನೋಡಲಾಗುವುದಿಲ್ಲ.

ಅತ್ತೆಗೆ ನನ್ನ ನೆನಪು ಹೇಳಿ. ಎಣ್ಣೆ ಹಚ್ಚುವಾಗ ಬೈಯಬೇಡಿ. ನಿಮ್ಮ ಆಶೀರ್ವಾದವಿರಲಿ, ಬೈಗುಳವೂ ಇರಲಿ.

ನಿಮ್ಮ ಬಾಯಿಬಡುಕಿ ಮೊಮ್ಮಗಳು,
ಅಂಜನಾ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಪಾಠ ಮುಗಿಸಿ ಚಿದಾನಂದ್ ಸರ್ ನೀರಿನ ಬಾಟಲಿಗೆಂದು ಎದ್ದಾಗಲೇ ಗೊತ್ತಾಗಿದ್ದು, ಅವರು ಇಡೀ ಪಾಠವನ್ನು ಕುರ್ಚಿಯಲ್ಲಿ ಕೂತೇ ಮಾಡಿದ್ದರು. ನಮ್ಮಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಪರದೆ ಕಪ್ಪಗಿರುವ ದಿನಗಳ ಪಾಠಕ್ಕೆ ಪಂಕಜಾ ಮೇಡಂಗೆ ನಿಮ್ಮ ಹೆಸರು ಕೊಟ್ಟಿದ್ದೇನೆ. ಇಪ್ಪತ್ತೊಂದನೇ ತಾರೀಕು ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ. ಮೊಬೈಲ್ ಹಿಡಿಯುವುದು ಅತ್ತೆಯ ಕೆಲಸ, ಚಿಕ್ಕಿ ಮುರಿಯುವುದು ನಿಮ್ಮದು. ಬೇಡ ಎನ್ನುವುದಿದ್ದರೆ ನನಗಲ್ಲ, ಆ ಮಕ್ಕಳಿಗೇ ಹೇಳಿ. ನಿಮ್ಮ ಮುಖ ಬಂದ ಕೂಡಲೇ ಎಲ್ಲರೂ ಏಳುತ್ತಾರೆ, ನೀವು ಹೇಳುವವರೆಗೂ ಒಬ್ಬರೂ ಕೂರುವುದಿಲ್ಲ.