ಯಾರ ಮರವು?

ಬೆಟಗೇರಿ
೯-೨-೨೦೨೫

ಪ್ರೀತಿಯ ತಂಗಿ ಕಾಂಚನಾಗ ಅಕ್ಕನ ಆಶೀರ್ವಾದ.

ನಿನ್ನ ಮಣಕಾಲ ನೋವು ಹೆಂಗೈತಿ? ಲಕ್ಷ್ಮೇಶ್ವರದ ಥಂಡಿಯೊಳಗ ಬರಿಗಾಲಲೆ ಅಡ್ಡಾಡಬ್ಯಾಡವಾ. ದಿನಾ ಫೋನಿನ್ಯಾಗ ಮಾತಾಡೋ ಅಕ್ಕ ಕಾಗದಾ ಯಾಕ ಬರದ್ಲು ಅಂತ ಗಾಬರಿ ಆಗಬ್ಯಾಡ. ಫೋನ್ ಹಚ್ಚಿದ್ರ ನಿಮ್ಮ ಮಾಮಾ ಮಗ್ಗಲದಾಗ ಬಂದು ಕುಂಡ್ರತಾರ. ಅವರ ಮುಂದ ಈ ಮಾತು ನನ್ನ ಬಾಯಾಗ ಬರೂದಿಲ್ಲ.

ವಯಸ್ಸಾದಂಗ ಮಿದುಳು ಹೆಂಗ ಬದಲಾಗತೈತಿ, ಮರವಿನ ರೋಗ ಹೆಂಗ ಸುರು ಆಗತೈತಿ ಅಂತ ನೋಡಾಕ ವರ್ಷಾ ವರ್ಷಾ ನಮ್ಮ ಓಣಿಗೆ ಡಾಕ್ಟರ್ ಮಂದಿ ಬರ್ತಾರಲ್ಲ, ಮೊದಲಿಂದ ನಾವು ಗಂಡ ಹೆಂಡತಿ ಇಬ್ಬರೂ ಅದರಾಗ ಅದೀವಿ. ಕಥಿ ಹೇಳಿ ತಿರುಗಿ ಹೇಳ್ರಿ ಅಂತಾರ, ಚಿತ್ರಾ ತೋರಿಸಿ ಹೆಸರು ಕೇಳ್ತಾರ, ರಕ್ತ ತಗೋತಾರ. ಆಮ್ಯಾಲೆ ಗಂಡನ ಮರವಿನ ಬಗ್ಗೆ ಹೆಂಡತೀನ್ನ, ಹೆಂಡತಿ ಮರವಿನ ಬಗ್ಗೆ ಗಂಡನ್ನ ಬ್ಯಾರೆ ಬ್ಯಾರೆ ಕುಂಡ್ರಿಸಿ ವಿಚಾರಸ್ತಾರ. ಈ ಸಲ ನಾ ಎಲ್ಲಾ ಹೇಳಿಬಿಟ್ಟೆ. ಇವರು ಗ್ಯಾಸ್ ಹಚ್ಚಿಟ್ಟು ಮರೀತಾರ, ಸಾರಿಗೆ ಎರಡೆರಡು ಸಲ ಉಪ್ಪು ಹಾಕ್ತಾರ, ಕರೀಮಸಾಬರ ಮನಿ ಮದುವಿಗೆ ರೊಟ್ಟಿ ಬೇಕು ಅಂದಿದ್ದು ನನಗ ಹೇಳೂದ ಮರತು ನನ್ನ ರೊಟ್ಟಿ ಧಂದೇದ ಮಾನಾ ಕಳದ್ರು ಅಂತ. "ಹೌದ ಬಿಡ, ನಾನ ಮರತೆ" ಅಂತ ಇವರೂ ಯಾವಾಗಲೂ ಒಪ್ಪಿಕೊಂಡಾರಲ್ಲ!

ನಿನ್ನೆ ಅವರ ಪೈಕಿ ಡಾಕ್ಟರ್ ಶೃತಿ ಇಬ್ಬರನ್ನೂ ಗದಗಿಗೆ ಕರಸಿದ್ರು. "ಯಜಮಾನ್ರು ಛಲೋ ಅದಾರ್ರಿ. ನಿಮ್ಮನ್ನ ಬ್ಯಾರೆ ಮಂದಿ ಜೊತಿ ಅಲ್ಲ, ಹಿಂದಿನ ವರ್ಷದ ನಿಮ್ಮ ಪರೀಕ್ಷಾದ ಜೊತೀನ ಹೋಲಿಸಿ ನೋಡೀವಿ. ನೆನಪು ಕಡಿಮಿ ಆಗಾಕತ್ತಿದ್ದು ನಿಮಗ" ಅಂದ್ರು. ನಾ ನಕ್ಕೆ. ಹೆಸರು ಅದಲಬದಲ ಆಗ್ಯಾವ ನೋಡ್ರಿ ಅಂದೆ. ಇವರ ಕಡೆ ಹೊಳ್ಳಿದ್ರ ಟೋಪಿ ತಗದು ಮಾರಿ ಮುಚ್ಕೊಂಡು ಅಳಾಕತ್ತಿದ್ರು. "ಗ್ಯಾಸ್ ಬಿಟ್ಟಾಕಿ ಆಕೀನರಿ. ಮದುವಿ ರೊಟ್ಟಿ ಒಪ್ಪಿಕೊಂಡಾಕೀನೂ ಆಕೀನ. ಹೆದರ್ಯಾಳು ಅಂತ ನನ್ನ ಮ್ಯಾಲೆ ಹಾಕ್ಕೊಂಡೆ. ನೀವು ಕೇಳಿದಾಗೆಲ್ಲ ಆಕೀದು ಎಲ್ಲಾ ಸರಿ ಐತಿ ಅಂತ ಸುಳ್ಳು ಹೇಳೀನಿ."

ಕಾಂಚನಾ, ಕರೀಮಸಾಬರ ಜೊತಿ ನಾ ಮಾತಾಡಿದ್ದು ಎಷ್ಟು ನೆನಸಿದ್ರೂ ಬರವಲ್ದು. ಮಸುಕು ಸೈತ ಇಲ್ಲ. ಇವರ ಮ್ಯಾಲೆ ಪಾಪ ಅನಸಬೇಕಿತ್ತು, ನನಗ ಸಿಟ್ಟು ಬಂತು. ನನ್ನ ತಲಿ ನನಗ ಹೇಳದ ಹೊಂಟೈತಿ, ಗೊತ್ತಿದ್ದ ಮನಶಾನೂ ಹೇಳಲಿಲ್ಲ! ಡಾಕ್ಟರ್ ಇದು ಇನ್ನೂ ಸುರುವಾತ ಐತಿ, ಥೈರಾಯ್ಡ್, ವಿಟಮಿನ್ ಕೊರತಿಗೂ ಹಿಂಗ ಆಗತೈತಿ, ಸ್ಕ್ಯಾನ್ ಮಾಡಿ ನೋಡೂಣು ಅಂದಾರ. ಮನಿಗೆ ಬಂದು ಇವರು ಚಹಾ ಮಾಡಿಟ್ರು, ಕುಡೀಲಿಲ್ಲ. ಇವತ್ತ ಮುಂಜಾನೆ ಎದುರಿಗೆ ಕುಂತು "ಇನ್ನ ಮ್ಯಾಲೆ ನನ್ನ ತಪ್ಪು ನನಗ ಕೊಡ್ರಿ" ಅಂದೆ. "ಆತು" ಅಂದ್ರು. ಮಾರಿ ಎತ್ತಲಿಲ್ಲ.

ನಿಮ್ಮ ಮನ್ಯಾಗ ಹಿರೇರಿಗೆ ಶರಣು, ಕೂಸು ನೇತ್ರಾಗ ನನ್ನ ಮುದ್ದು.

ನಿನ್ನ ಅಕ್ಕ
ಬಸವಣ್ಣೆವ್ವ

ತಾ.ಕ.: ಇವರು ಪ್ಯಾಟಿಯಿಂದ ಬಂದ್ರು, ಜಲ್ದಿ ಬರದು ಮುಗಸ್ತೀನಿ. ನನ್ನ ಬಗ್ಗೆ ಖರೆ ಹೇಳೋರು ಇನ್ನೊಬ್ಬರು ಬೇಕು ಅಂತ ಡಾಕ್ಟರ್ ಕೇಳಿದ್ರು. ನಿನ್ನ ಹೆಸರು ಕೊಟ್ಟೀನಿ. ನಾ ಫೋನಿನ್ಯಾಗ ಹೇಳಿದ್ದ ಹೇಳಿದ್ರ, ಕೇಳಿದ್ದ ಕೇಳಿದ್ರ, ಅವರಿಗೂ ಹೇಳು, ನನಗೂ ಹೇಳು. ಅಕ್ಕನ ಮ್ಯಾಲಿನ ಪ್ರೀತಿಗೆ ನೀನೂ ಮುಚ್ಚಿಡಬ್ಯಾಡವಾ.