ಗುಬ್ಬಿಯ ತೂಕ

ಮಾರ್ಚ್ ೧೬, ಶನಿವಾರ

ಪ್ರೀತಿಯ ನಿಮಗೆ,

ನಿಮ್ಮ ಎರಡು ಪತ್ರಗಳೂ ಬಂದಿವೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲವೆಂದು ಎರಡನೆಯದರಲ್ಲಿ ಮುನಿಸಿಕೊಂಡಿದ್ದೀರಿ. ಮುನಿಸು ನ್ಯಾಯವಾದದ್ದೇ, ಒಪ್ಪಿಕೊಂಡೆ. ಆದರೆ ಇಲ್ಲಿ ತಂಗಿಯ ಮನೆಯಲ್ಲಿ ಕುಳಿತು ನಾಲ್ಕು ಸಾಲು ಬರೆಯುವುದು ಹೇಗೆಂದು ನೀವೇ ಬಂದು ನೋಡಬೇಕು. ಒಂದು ಕೂಸು ಮಲಗಿದರೆ ಇನ್ನೊಂದು ಏಳುತ್ತದೆ. ಎರಡು ಮಲಗಿದರೆ ಮೂರನೆಯದು ಅದನ್ನು ಸಹಿಸುವುದಿಲ್ಲ. ಫೋನ್ ಮಾಡೋಣವೆಂದರೆ ಮೂರು ಕಂಠಗಳ ನಡುವೆ ನೀವು "ಏನು? ಏನಂದೆ?" ಅನ್ನುವುದರಲ್ಲೇ ಮಾತು ಮುಗಿಯುತ್ತದೆ. ಈಗ ಅಪರೂಪಕ್ಕೆ ಮೂವರೂ ಒಟ್ಟಿಗೆ ನಿದ್ದೆ ಹೋಗಿದ್ದಾರೆ. ಪೆನ್ನಿನ ಸದ್ದಿಗೂ ಹೆದರುತ್ತಾ ಬರೆಯುತ್ತಿದ್ದೇನೆ.

ನೀವು ಹೇಗಿದ್ದೀರಿ? ಪಾತ್ರೆ ಸೀಯಿಸಿದ ಸುದ್ದಿ ಓದಿ ನಾನೂ ತಂಗಿಯೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಊರಿನವರ ಹೊಲಿಗೆ ಯಂತ್ರಗಳನ್ನೆಲ್ಲ ರಿಪೇರಿ ಮಾಡುವ ಮನುಷ್ಯನಿಗೆ ಒಂದು ಒಲೆಯನ್ನು ಸಣ್ಣ ಮಾಡಲು ಬರುವುದಿಲ್ಲವಲ್ಲ! ಸೀದ ಪಾತ್ರೆಯನ್ನು ಉಜ್ಜಬೇಡಿ, ನೀರು ಹಾಕಿ ನೆನೆಯಲು ಬಿಡಿ.

ನೀವು ಇವರನ್ನು ಹುಟ್ಟಿದ ವಾರದಲ್ಲಿ ನೋಡಿದ್ದು. ಈಗ ಆರು ತಿಂಗಳು ತುಂಬಿ, ಮೂವರಿಗೂ ಮನೆಯ ಹೆಸರುಗಳು ಬಂದಿವೆ. ಮೊದಲು ಹುಟ್ಟಿದವನು 'ಯಜಮಾನ', ಹುಬ್ಬು ಗಂಟಿಕ್ಕಿಕೊಂಡು ಎಲ್ಲರ ಮೇಲೂ ಕಣ್ಣಿಟ್ಟಿರುತ್ತಾನೆ. ಎರಡನೆಯವನು 'ಅಳುಮುಂಜಿ', ಅದಕ್ಕೆ ವಿವರಣೆ ಬೇಡ. ಕೊನೆಯವಳು, ಹೆಣ್ಣುಕೂಸು, 'ಗುಬ್ಬಿ'. ಸದ್ದಿಲ್ಲ, ಗದ್ದಲವಿಲ್ಲ. ಎಲ್ಲಿ ಮಲಗಿಸಿದರೆ ಅಲ್ಲೇ ಕೈ ಆಡಿಸುತ್ತಾ ಸೂರು ನೋಡುತ್ತಿರುತ್ತದೆ. ನಾವು ಹತ್ತಿರ ಹೋದರೆ ಮಾತ್ರ, ನಮಗಾಗಿಯೇ ಕಾದಿದ್ದಂತೆ ನಗುತ್ತದೆ.

ಕಳೆದ ವಾರ ಮೂವರನ್ನೂ ಮಕ್ಕಳ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆವು. ಕಾಯಿಲೆ ಕಸಾಲೆ ಏನಿಲ್ಲ, ಗಾಬರಿಯಾಗಬೇಡಿ. ತೂಕ ನೋಡಿಸಿ, ಚುಚ್ಚುಮದ್ದು ಹಾಕಿಸಿ ಬರುವುದು, ಅಷ್ಟೇ. ಆದರೆ ಹೊರಡುವ ಸಂಭ್ರಮ ಒಂದು ಸೈನ್ಯ ಹೊರಟಂತೆ! ನಿಮ್ಮ ಷಡ್ಡಕರು ಬಸ್ ಡಿಪೋಗೆ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಮೂವರಿಗೂ ಬಟ್ಟೆ ಹಾಕಿ ಮುಗಿಸುವಷ್ಟರಲ್ಲಿ ಮೊದಲನೆಯವನದು ಒದ್ದೆ. ಅವನದು ಬದಲಾಯಿಸುವಷ್ಟರಲ್ಲಿ ಎರಡನೆಯವನು ಕಕ್ಕಿಕೊಂಡ. ಬಾಡಿಗೆ ಕಾರಿನ ಡ್ರೈವರ್ ನಮ್ಮನ್ನೂ ಚೀಲಗಳನ್ನೂ ನೋಡಿ, "ಇನ್ನೂ ಯಾರಾದ್ರೂ ಇದಾರಾ, ಇಷ್ಟೇನಾ?" ಅಂದ. "ಇಷ್ಟೇ ಕಣಪ್ಪಾ, ಸಾಲದಾ?" ಅಂದರು ನಿಮ್ಮ ಷಡ್ಡಕರು.

ಕಾಯುವ ಕೋಣೆಯಲ್ಲಿ ಹಸಿರು ಬೆಂಚುಗಳು, ಗೋಡೆಯ ಮೇಲೆ ಯಾರೋ ಬಿಡಿಸಿದ ಆನೆ. ನಾವು ಸಾಲಾಗಿ ಕುಳಿತ ಕೂಡಲೇ ಎಲ್ಲರ ಕಣ್ಣೂ ಇತ್ತ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತಂಗಿಯ ತೋಳು ಮುಟ್ಟಿ, "ಮೂರೂ ನಿಂದೇನಮ್ಮಾ?" ಅಂತ ಕೇಳಿದರು. ತಂಗಿ ಸುಸ್ತಾಗಿದ್ದಳು. "ಮೂರೂ ನಂದೇ" ಅಂದಳು. ಆ ಅಜ್ಜಿ ಅಷ್ಟಕ್ಕೆ ಬಿಡದೆ ನನ್ನ ತೊಡೆಯ ಮೇಲಿದ್ದ ಗುಬ್ಬಿಯ ಕಡೆ ಬೆರಳು ತೋರಿಸಿ, ನನ್ನ ಮುಖ ನೋಡುತ್ತಾ, "ಇದೂನಾ? ಇದು ಇವರ ಥರಾನೇ ಇದೆಯಲ್ಲ!" ಅಂದರು. ನಾನು ನಕ್ಕೆ. ತಂಗಿ ನಗಲಿಲ್ಲ. ಆಗ ನಾನದಕ್ಕೆ ಮಹತ್ವ ಕೊಡಲಿಲ್ಲ.

ಚುಚ್ಚುಮದ್ದಿನ ಕೋಣೆಯಲ್ಲಿ ಒಂದು ಪ್ರಸಂಗವೇ ನಡೆಯಿತು. ಗಂಡುಮಕ್ಕಳಿಬ್ಬರೂ ಒಂದೇ ಅಚ್ಚು. ನರ್ಸ್ ಯಜಮಾನನಿಗೆ ಸೂಜಿ ಚುಚ್ಚಿ, ಹಿಂದೆ ತಿರುಗಿ ಮತ್ತೊಂದು ಸಿರಿಂಜ್ ತುಂಬಿಕೊಂಡು, ತಿರುಗಿ ಬಂದು ಅವನದೇ ತೊಡೆಗೆ ಹತ್ತಿ ಸವರತೊಡಗಿದರು. ನಿಮ್ಮ ಷಡ್ಡಕರು, "ಸಿಸ್ಟರ್, ಸಿಸ್ಟರ್! ಅವನದಾಯ್ತು, ಈಗ ಇವನದು!" ಅಂತ ಕೂಗಿಕೊಂಡರು. ನರ್ಸ್‌ಗೆ ನಾಚಿಕೆ. "ಅಳ್ತಿದ್ದೋನಿಗೆ ಆಗಿದೆ ಅಂದ್ಕೊಂಡೆ" ಅಂದರು. ಅಳುಮುಂಜಿ ಸೂಜಿ ನೋಡುವ ಮೊದಲೇ ಆಕಾಶ ಭೂಮಿ ಒಂದು ಮಾಡಿದ್ದ. ಯಜಮಾನ ಚುಚ್ಚಿಸಿಕೊಂಡೂ ಹುಬ್ಬು ಗಂಟಿಕ್ಕಿ ಕುಳಿತಿದ್ದ.

ಆಮೇಲೆ ಡಾಕ್ಟರಮ್ಮನ ಕೋಣೆ. ವಯಸ್ಸಾದವರು, ಮಾತು ಕಡಿಮೆ. ಹುಡುಗರಿಬ್ಬರನ್ನೂ ತೂಗಿ "ಭೇಷ್" ಅಂದರು. ಗುಬ್ಬಿಯನ್ನು ಒಮ್ಮೆ ತೂಗಿದರು. ಮತ್ತೊಮ್ಮೆ ತೂಗಿದರು. ತಂಗಿ ನನ್ನ ಕೈ ಹಿಡಿದುಕೊಂಡಳು.

"ಇವಳು ಅಳ್ತಾಳಾ?" ಅಂತ ಕೇಳಿದರು ಡಾಕ್ಟರಮ್ಮ.

"ಇಲ್ಲ ಡಾಕ್ಟ್ರೇ. ತುಂಬಾ ಒಳ್ಳೇ ಮಗು" ಅಂದಳು ತಂಗಿ.

"ಅದೇ ನೋಡಿ ತೊಂದರೆ. ಅಳೋ ಮಗೂಗೆ ತಾನೇ ಹಾಲು? ಅವರಿಬ್ಬರೂ ಗಲಾಟೆ ಮಾಡಿ ತಗೋತಾರೆ, ಇವಳು ಅರ್ಧ ಬಾಟಲಿಗೇ ಸುಮ್ಮನಾಗ್ತಾಳೆ. ಕಾಯಿಲೆ ಏನಿಲ್ಲ. ಇವಳನ್ನ ಬೇರೆ ಕೂರಿಸ್ಕೊಂಡು, ಸಮಾಧಾನವಾಗಿ, ಆಗಾಗ ಕುಡಿಸಬೇಕು. ಮೂವರ ಮಧ್ಯೆ ಆಗುತ್ತಾ ನಿಮ್ಮ ಕೈಲಿ?"

ತಂಗಿ ಉತ್ತರ ಹೇಳುವ ಮೊದಲೇ ಅವರು, ಗುಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗಿ ತೊಡಿಸುತ್ತಿದ್ದ ನನ್ನತ್ತ ತಿರುಗಿದರು. "ನೀವು?"

"ದೊಡ್ಡಮ್ಮ" ಅಂದೆ.

"ನಿಮಗೆಷ್ಟು ಮಕ್ಕಳು?"

"ಇಲ್ಲ."

"ಹಾಗಿದ್ರೆ ಇವಳನ್ನ ಒಂದೆರಡು ತಿಂಗಳು ನೀವೇ ಕರ್ಕೊಂಡು ಹೋದ್ರೆ ಹೇಗೆ? ಹೇಗೂ ಬಾಟಲಿ ಹಾಲು. ನಿಮ್ಮ ಹತ್ರ ಚೆನ್ನಾಗಿ ಹೊಂದಿಕೊಂಡಿದಾಳೆ."

ಸುಳ್ಳು ಹೇಳುವುದಿಲ್ಲ. ಅವರ ಬಾಯಿಂದ ಆ ಮಾತು ಬೀಳುವಷ್ಟರಲ್ಲಿ ನನ್ನ ಮನಸ್ಸು ಗುಬ್ಬಿಯನ್ನೆತ್ತಿಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಿತ್ತು. ನಡುಮನೆಯ ಕಿಟಕಿಯ ಪಕ್ಕ ಅವಳನ್ನು ಮಲಗಿಸಿಯೂ ಆಗಿತ್ತು. ನೀವು ಅಂಗಡಿಯಿಂದ ಎದ್ದು ಬಂದು, ಎಣ್ಣೆಯ ಕೈ ಒರೆಸಿಕೊಳ್ಳುತ್ತಾ, ಮುಟ್ಟಬೇಕೋ ಬೇಡವೋ ಎಂದು ನಿಂತದ್ದೂ ಕಾಣಿಸಿತು.

"ಬೇಡ ಡಾಕ್ಟ್ರೇ" ಅಂದಳು ತಂಗಿ. ಎಷ್ಟು ಬೇಗ ಅಂದಳೆಂದರೆ ನಿಮ್ಮ ಷಡ್ಡಕರೂ ಬೆಚ್ಚಿದರು. "ಮೂರೂ ಒಟ್ಟಿಗೇ ಇರ್ಲಿ. ನಾನೇ ನೋಡ್ಕೋತೀನಿ. ಎಷ್ಟು ಕಷ್ಟ ಆದ್ರೂ ನಾನೇ ನೋಡ್ಕೋತೀನಿ." ಹಾಗನ್ನುತ್ತಾ ಇನ್ನೂ ಗುಂಡಿ ಹಾಕಿರದ ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಂಡಳು. ನನ್ನ ಮುಖ ನೋಡಲಿಲ್ಲ.

ಕಾರಿನಲ್ಲಿ ನಿಮ್ಮ ಷಡ್ಡಕರು ಮಾತ್ರ ಪಾಪ, ರಸ್ತೆಯ ಗುಂಡಿಗಳ ಬಗ್ಗೆ ಡ್ರೈವರ್ ಜೊತೆ ಏನೇನೋ ಹೇಳುತ್ತಿದ್ದರು. ಮನೆಗೆ ಬಂದ ಮೇಲೂ ತಂಗಿ ಗುಬ್ಬಿಯನ್ನು ಕೆಳಗಿಳಿಸಲಿಲ್ಲ. ಒಂದೇ ಕೈಯಲ್ಲಿ ಬಾಟಲಿ ತೊಳೆಯುತ್ತಿದ್ದಳು. ನಾನು ಕೈ ಚಾಚಿದರೆ, "ಇರ್ಲಿ ಅಕ್ಕಾ" ಅಂದಳು. ಆಗ ನನಗೆ ಅರ್ಥವಾಯಿತು. ಈ ಮನೆಯಲ್ಲಿ ನನ್ನ ತಂಗಿ ನನಗೆ ಹೆದರುತ್ತಿದ್ದಾಳೆ. ನಾನು ಗುಬ್ಬಿಯನ್ನೆತ್ತಿಕೊಂಡು ಹಿತ್ತಿಲಿಗೆ ಹೋದಾಗಲೆಲ್ಲ ಏನಾದರೊಂದು ನೆಪದಲ್ಲಿ ಅವಳೂ ಬಂದುಬಿಡುತ್ತಿದ್ದುದು ನೆನಪಾಯಿತು.

ಬಟ್ಟೆ ಮಡಚುವ ಹೊತ್ತಿಗೆ ನಾನೇ ಮಾತೆತ್ತಿದೆ. "ನೋಡು, ನಾಳೆಯಿಂದ ಹುಡುಗರಿಬ್ಬರೂ ನನ್ನ ಹತ್ರ. ನೀನು ಗುಬ್ಬೀನ ಒಳಗೆ ಕರ್ಕೊಂಡು ಹೋಗಿ ಬಾಗಿಲು ಹಾಕ್ಕೋ. ನೀನು, ಅವಳು, ಇಬ್ರೇ. ಹೊರಗೆ ಇವರು ಸೂರು ಕಿತ್ತು ಹಾಕಿದ್ರೂ ಬರಬೇಡ."

ತಂಗಿ ನನ್ನನ್ನೇ ನೋಡಿದಳು. "ನಿಂಗೆ ಕೋಪ ಇಲ್ವಾ ಅಕ್ಕಾ?"

"ಕೋಪ ಮಾಡ್ಕೊಳ್ಳೋಕೆ ಪುರುಸೊತ್ತೆಲ್ಲಿದೆ? ಅಲ್ನೋಡು, ನಿನ್ನ ಯಜಮಾನ ನನ್ನ ಸೆರಗು ತಿಂತಾ ಇದಾನೆ."

ಇಡೀ ವಾರ ಹಾಗೇ ನಡೆಯಿತು. ಅಳುಮುಂಜಿ ಹೆಗಲ ಮೇಲೆ, ಯಜಮಾನ ಮಡಿಲಲ್ಲಿ, ನಾನು ಮುಚ್ಚಿದ ಬಾಗಿಲಿನ ಹೊರಗೆ. ಒಳಗಿನಿಂದ ತಂಗಿಯ ಮೆಲುದನಿ ಕೇಳುತ್ತಿತ್ತು. "ಇನ್ನೊಂದು ಗುಟುಕು ಕಂದಾ, ಇನ್ನೊಂದೇ ಒಂದು." ಕೆಲವು ಸಲ ಗುಬ್ಬಿ ಕೇಕೆ ಹಾಕುವುದೂ ಕೇಳುತ್ತಿತ್ತು. ಅದು ಕೇಕೆ ಹಾಕುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ತೂಗಿಸಿದೆವು. ಮುಳ್ಳು ಮುಂದೆ ಹೋಗಿದೆ! ಡಾಕ್ಟರಮ್ಮ ಗುಬ್ಬಿಗೂ ಒಂದು "ಭೇಷ್" ಕೊಟ್ಟರು, ತಂಗಿಗೂ ಒಂದು ಕೊಟ್ಟರು. ಹೊರಗೆ ಬಂದು ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಹಗುರಾಗಿ, ತಾನಾಗಿಯೇ ಗುಬ್ಬಿಯನ್ನು ನನ್ನ ಕೈಗೆ ಕೊಟ್ಟಳು. "ಎತ್ಕೋ ಅಕ್ಕಾ." ಎತ್ತಿಕೊಂಡೆ. ನಿಜಕ್ಕೂ ಭಾರವಾಗಿದ್ದಾಳೆ. ಸ್ವಲ್ಪ ಹೊತ್ತು ಎತ್ತಿಕೊಂಡಿದ್ದು, ತಿರುಗಿ ಅವಳಿಗೇ ಕೊಟ್ಟೆ.

ಸೋಮವಾರ ನಿಮ್ಮ ಷಡ್ಡಕರ ತಾಯಿ ಬರುತ್ತಿದ್ದಾರೆ, ಇನ್ನು ಇವರಿಗೆ ಸಹಾಯಕ್ಕೆ ಒಂದು ಕೈ ಇದೆ. ಶುಕ್ರವಾರದ ಬಸ್ಸಿಗೆ ನಾನು ಹೊರಡುತ್ತೇನೆ. ನಿಮ್ಮನ್ನು ನೋಡಿ ಬಹಳ ದಿನವಾಯಿತು. ಹೊತ್ತಿಗೆ ಸರಿಯಾಗಿ ಉಣ್ಣಿ, ಬೆಳಕು ಕಡಿಮೆಯಾದ ಮೇಲೆ ಯಂತ್ರ ಬಿಚ್ಚಿಕೊಂಡು ಕೂರಬೇಡಿ. ನೀವು ಚೆನ್ನಾಗಿರಿ, ನಿಮ್ಮ ಕೈಗೆ ಕೆಲಸ ತಪ್ಪದಿರಲಿ, ಅಷ್ಟೇ ನನ್ನ ಹಾರೈಕೆ.

ನಿಮ್ಮ,
ಮನೆಯವಳು

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದನ್ನು ಬರೆಯುತ್ತೇನೆ, ಎದುರಿಗೆ ಕೂತು ಹೇಳಲು ನನ್ನಿಂದಾಗದು. ಹೊಟ್ಟೆಯಲ್ಲಿ ಮೂರು ಇವೆ ಅಂತ ಗೊತ್ತಾದ ದಿನ ತಂಗಿ ಹೆದರಿ ನನ್ನನ್ನು ತಬ್ಬಿಕೊಂಡು, "ಅಕ್ಕಾ, ಮೂರು ನನ್ನ ಕೈಲಾಗಲ್ಲ. ಒಂದು ನಿಂಗೆ" ಅಂದಿದ್ದಳು. ನಾನು ಕೇಳಿರಲಿಲ್ಲ, ಅವಳೇ ಅಂದದ್ದು. ನಿಮಗೆ ಹೇಳಲಿಲ್ಲ. ಒಂದು ಮನೆಯಲ್ಲಿ ಕಾಯುವುದಕ್ಕೆ ಒಬ್ಬರು ಸಾಕು ಅನ್ನಿಸಿತು. ಆಮೇಲೆ ಅವಳೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವತ್ತು ಅವಳು ಹೇಳಿದ್ದೂ ಸುಳ್ಳಲ್ಲ, ಡಾಕ್ಟರ ಎದುರು ಹೇಳಿದ್ದೂ ಸುಳ್ಳಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವಳು ನಾನು. ಗುಬ್ಬಿಗೊಂದು ಹೆಸರನ್ನೂ ಆರಿಸಿಟ್ಟಿದ್ದೆ. ನನ್ನನ್ನು ಕೇಳದೆ ಇವರು ಬೇರೆ ಹೆಸರಿಟ್ಟರಲ್ಲ, ಅವತ್ತೇ ನನಗೆ ತಿಳಿಯಬೇಕಿತ್ತು. ಆ ಹೆಸರನ್ನು ಇವತ್ತಿನವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ. ನಾನು ಬಂದ ಕೂಡಲೇ ಏನು ಹೆಸರು ಅಂತ ಕೇಳಬೇಡಿ. ಸ್ವಲ್ಪ ದಿನ ಕಳೆಯಲಿ. ಯಾವತ್ತಾದರೂ ಊಟಕ್ಕೆ ಕೂತಾಗ ನಾನೇ ಹೇಳುತ್ತೇನೆ. ನೀವೂ ಒಂದು ಸಲ ಆ ಹೆಸರು ಹಿಡಿದು ಕೂಗಿಬಿಡಿ. ನಮ್ಮ ಮನೆಯಲ್ಲಿ ಅದು ಹೇಗೆ ಕೇಳಿಸುತ್ತದೋ ನನಗೊಮ್ಮೆ ಕೇಳಬೇಕು.